ಮಣ್ಣಿನ ಬಣ್ಣ ಕಂಪ್ಯೂಟರ್‌ಗೆ ಗೊತ್ತಿರಲಿಲ್ಲ

ಎರಿ ಮತ್ತು ಮಸಾರಿ. ರೋಣ, ನರಗುಂದ, ಗಜೇಂದ್ರಗಡದ ಕಡೆ ಯಾವ ರೈತರನ್ನಾದರೂ ನಿಮ್ಮ ಹೊಲ ಎಂಥದ್ದು ಅಂತ ಕೇಳಿ ನೋಡಿ. ಎಕರೆ ಎಷ್ಟು ಅನ್ನೋದಕ್ಕಿಂತ ಮೊದಲು ಬರೋ ಉತ್ತರ ಈ ಎರಡರಲ್ಲಿ ಒಂದು. ಕಪ್ಪು ಮಣ್ಣು ಎರಿ, ಕೆಂಪು ಮಣ್ಣು ಮಸಾರಿ. ಹತ್ತಿ ಹಾಕಬೇಕೋ, ಶೇಂಗಾ ಹಾಕಬೇಕೋ, ಎಷ್ಟು ಮಳೆಗೆ ಬಿತ್ತಬೇಕು, ಹೊಲಕ್ಕೆ ಎಷ್ಟು ರೇಟು, ಇವೆಲ್ಲಾ ಆ ಬಣ್ಣದ ಜೊತೆಗೇ ಗೊತ್ತಾಗಿಬಿಡುತ್ತೆ. ಬಣ್ಣ ಅಲ್ಲಿ ಅಲಂಕಾರ ಅಲ್ಲ ವೀಕ್ಷಕರೇ, ಅದು ಮಾಹಿತಿ.

ಈಗ ಒಂದು ವಿಚಿತ್ರ ಹೇಳ್ತೀನಿ. ನಲವತ್ತು ವರ್ಷದ ಹಿಂದೆ ಮನೆಗೆ, ಶಾಲೆಗೆ ಅಂತ ಬಂದ ಎಷ್ಟೋ ಕಂಪ್ಯೂಟರ್‌ಗಳಿಗೆ ಈ ಮಣ್ಣಿನ ಬಣ್ಣವೇ ಗೊತ್ತಿರಲಿಲ್ಲ. ನೀಲಿ ಗೊತ್ತಿತ್ತು, ಗಿಳಿಹಸಿರು ಗೊತ್ತಿತ್ತು, ಕಣ್ಣು ಕುಕ್ಕುವ ಗುಲಾಬಿಯೂ ಗೊತ್ತಿತ್ತು. ಮಣ್ಣು ಮಾತ್ರ ಗೊತ್ತಿರಲಿಲ್ಲ. ಗಜೇಂದ್ರಗಡದ ಗುಡ್ಡ ಬರೀ ಅಂತ ಅದರ ಮುಂದೆ ಕೂತರೆ, ಗುಡ್ಡವನ್ನ ಕುಂಕುಮದಷ್ಟು ಕೆಂಪಗೆ ಬರೀಬೇಕಿತ್ತು, ಇಲ್ಲಾ ಅರಿಶಿಣದಷ್ಟು ಹಳದಿ. ನಡುವೆ ಏನೂ ಇಲ್ಲ!

ಯಾಕೆ ಹೀಗೆ? ಆ ಭಾಗದ ವೀಕ್ಷಕರೊಬ್ಬರು ನಮ್ಮ ಕಾರ್ಯಕ್ರಮಕ್ಕೆ ಕೇಳಿದ್ದ ಪ್ರಶ್ನೆಯೂ ಇದೇ. ಹಳೇ ಕಂಪ್ಯೂಟರ್, ಹಳೇ ವಿಡಿಯೋ ಗೇಮ್ ಚಿತ್ರ ನೋಡಿದ್ರೆ ಬಣ್ಣ ಯಾಕೆ ಹಾಗೆ ಜಾತ್ರೆ ಬೆಂಡು-ಬತ್ತಾಸಿನ ಹಾಗೆ ಕಾಣ್ತವೆ ಅಂತ. ಎರಡು ನಿಮಿಷದ ಉತ್ತರ ಸಾಲದು. ಇವತ್ತು ಪೂರ್ತಿ ಹೇಳ್ತೀನಿ.

ಮೊದಲು ಒಂದು ಪ್ರಯೋಗ. ನಿಮ್ಮ ಮೊಬೈಲ್ ಪರದೆ ಮೇಲೆ ಬಿಳಿ ಪುಟ ತೆರೆಯಿರಿ. ಬೆರಳ ತುದಿಯಿಂದ ಒಂದೇ ಒಂದು ಸಣ್ಣ ಹನಿ ನೀರು ಇಡಿ. ಹತ್ತಿರದಿಂದ ನೋಡಿ. ಆ ಹನಿಯೇ ಭೂತಗನ್ನಡಿ. ಅದರೊಳಗೆ ಬಿಳಿ ಕಾಣಲ್ಲ, ಕೆಂಪು, ಹಸಿರು, ನೀಲಿ ಚುಕ್ಕೆಗಳು ಕಾಣ್ತವೆ. ಹಳೇ ಡಬ್ಬಿ ಟಿವಿಯಲ್ಲೂ ಇದೇ ಮೂರು, ಇವತ್ತಿನ ಫೋನಿನಲ್ಲೂ ಇದೇ ಮೂರು. ನೀವು ಇಲ್ಲಿಯವರೆಗೆ ಪರದೆ ಮೇಲೆ ನೋಡಿದ ಎಲ್ಲಾ ಬಣ್ಣಗಳೂ ಈ ಮೂರರ ಮಿಶ್ರಣ. ಬೆರೆಸೋ ಕೆಲಸ ನಡೆಯೋದು ನಿಮ್ಮ ಕಣ್ಣಲ್ಲಿ.

ಗಜೇಂದ್ರಗಡದ ನೇಕಾರರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು ಬಣ್ಣ ಹಾಕಿ ಸೀರೆ ನೇಯ್ದರೆ, ದೂರದಿಂದ ಮೂರನೇ ಬಣ್ಣವೇ ಕಾಣುತ್ತೆ. ಎಳೆಗಳು ಬೆರೆತಿರಲ್ಲ, ನೋಟ ಬೆರೆತಿರುತ್ತೆ. ಪರದೆಯದ್ದೂ ಅದೇ ಕಥೆ. ಒಂದೇ ವ್ಯತ್ಯಾಸ: ಬಣ್ಣ ಅದ್ದುವವರ ಲೆಕ್ಕದಲ್ಲಿ ಎಲ್ಲಾ ಬಣ್ಣ ಸೇರಿಸುತ್ತಾ ಹೋದರೆ ಕಪ್ಪಾಗುತ್ತೆ. ಪರದೆಯಲ್ಲಿ ಬೆರೆಯೋದು ಬೆಳಕು, ಹಾಗಾಗಿ ಸೇರಿಸುತ್ತಾ ಹೋದರೆ ಬಿಳಿಯಾಗುತ್ತೆ. ಕೆಂಪು ಮತ್ತು ಹಸಿರು ಬೆಳಕು ಸೇರಿದರೆ ಹಳದಿ. ಕೆಂಪು, ನೀಲಿ ಸೇರಿದರೆ ಮಜೆಂಟಾ ಅನ್ನೋ ಆ ಕಡು ಗುಲಾಬಿ. ಹಸಿರು, ನೀಲಿ ಸೇರಿದರೆ ಸಯಾನ್ ಅನ್ನೋ ತಿಳಿನೀಲಿ.

ಡಬ್ಬಿ ಟಿವಿಯ ಹಿಂಭಾಗ ಉದ್ದ ಇರ್ತಿತ್ತಲ್ಲಾ, ಆ ಗಾಜಿನ ಕೊಳವೆಯ ಕುತ್ತಿಗೆಯಲ್ಲಿ ಎಲೆಕ್ಟ್ರಾನ್ ಚಿಮ್ಮಿಸುವ ಮೂರು ಗನ್ ಇರ್ತವೆ. ಒಂದೊಂದು ಬಣ್ಣಕ್ಕೆ ಒಂದೊಂದು. ಆ ಕಿರಣ ಪರದೆಯ ಒಳಮೈಗೆ ಬಳಿದ ರಾಸಾಯನಿಕ ಚುಕ್ಕೆಗೆ ಬಡಿದಾಗ ಚುಕ್ಕೆ ಹೊಳೆಯುತ್ತೆ. ಕೆಂಪಿನ ಕಿರಣ ಹಸಿರು ಚುಕ್ಕೆಗೆ ಬೀಳದಂತೆ ನಡುವೆ ಸಣ್ಣ ತೂತುಗಳ ತಗಡು. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ, ಬೀಜ ಬಿತ್ತೋ ಕೂರಿಗೆ ಸಾಲು ಹೊಡೆದ ಹಾಗೆ, ಕಿರಣ ಸಾಲು ಹೊಡೀತಾ ಹೋಗುತ್ತೆ. ನಮ್ಮ ದೇಶದ ಟಿವಿಯಲ್ಲಿ ಒಂದು ಚಿತ್ರಕ್ಕೆ 625 ಸಾಲು, ಸೆಕೆಂಡಿಗೆ 25 ಚಿತ್ರ. ಗುಣಿಸಿ ನೋಡಿ, ಒಂದು ಸೆಕೆಂಡಿಗೆ 15,625 ಸಾಲು! ಅಂಥ ಹಳೇ ಸೆಟ್ ಅಟ್ಟದ ಮೇಲೆ ಇದ್ದರೆ ದಯವಿಟ್ಟು ಬಿಚ್ಚಬೇಡಿ, ಒಡೆಯಬೇಡಿ. ಆಫ್ ಮಾಡಿದ ಮೇಲೂ ಒಳಗೆ ವಿದ್ಯುತ್ ಉಳಿದಿರಬಹುದು, ಗಾಜಿನಲ್ಲಿ ಸೀಸ ಇರುತ್ತೆ.

ಹಾಗಾದರೆ ಟಿವಿಗೆ ಎಲ್ಲಾ ಬಣ್ಣ ತೋರಿಸೋ ತಾಕತ್ತು ಇತ್ತು. ಮೂರು ಕಿರಣಗಳನ್ನ ಹೆಚ್ಚು-ಕಡಿಮೆ ಮಾಡಿದರೆ ಸಾಕು, ಮಣ್ಣೂ ಬರುತ್ತೆ, ಮುಗಿಲೂ ಬರುತ್ತೆ. ಕೊರತೆ ಇದ್ದಿದ್ದು ಎಲ್ಲಿ?

ಕೊರತೆ ಇದ್ದಿದ್ದು ಕಂಪ್ಯೂಟರ್‌ನ ನೆನಪಿನಲ್ಲಿ. ಬನ್ನಿ, ಲೆಕ್ಕ ಹಾಕೋಣ. 1982ರಲ್ಲಿ ಇಂಗ್ಲೆಂಡಿನಲ್ಲಿ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಅನ್ನೋ ಮನೆ ಕಂಪ್ಯೂಟರ್ ಬಂತು. ಮನೆಯ ಟಿವಿಗೇ ಜೋಡಿಸಿಕೊಳ್ಳುವ ಯಂತ್ರ. ಮುಂದೆ ಭಾರತದಲ್ಲೂ ಡೆಸಿಬೆಲ್ಸ್ ಕಂಪನಿಯ ಹೆಸರಿನಲ್ಲಿ ಮಾರಾಟವಾಯ್ತು. ಅದರ ಪರದೆಯಲ್ಲಿ ಅಡ್ಡ 256 ಚುಕ್ಕೆ, ಉದ್ದ 192 ಚುಕ್ಕೆ. ಒಟ್ಟು 49,152. ಪ್ರತಿ ಚುಕ್ಕೆಯೂ ಹತ್ತಿದೆಯಾ, ಆರಿದೆಯಾ ಅಂತ ಕಂಪ್ಯೂಟರ್ ನೆನಪಿಡಬೇಕು. ಒಂದು ಚುಕ್ಕೆಗೆ ಒಂದು ಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಅಂದ್ರೆ 6,144 ಬೈಟ್. ಇದು ಬರೀ ಕಪ್ಪು-ಬಿಳುಪಿಗೆ.

ಬಣ್ಣ ಬೇಕು ಅಂದ್ರೆ? ಕೆಂಪಿಗೆ ಒಂದು ಬಿಟ್, ಹಸಿರಿಗೆ ಒಂದು, ನೀಲಿಗೆ ಒಂದು. ಚುಕ್ಕೆಗೆ ಮೂರು ಬಿಟ್. ಒಟ್ಟು 18,432 ಬೈಟ್. ಆ ಕಂಪ್ಯೂಟರ್‌ನ ಕಡಿಮೆ ಬೆಲೆಯ ಮಾದರಿಯಲ್ಲಿ ಇದ್ದ ಪೂರ್ತಿ ನೆನಪೇ 16,384 ಬೈಟ್! ಚಿತ್ರವೊಂದಕ್ಕೇ ಸಾಲಲ್ಲ. ಪ್ರೋಗ್ರಾಂ ಎಲ್ಲಿ ಇಡೋದು?

ಅದಕ್ಕೆ ಎಂಜಿನಿಯರ್‌ಗಳು ಒಂದು ಉಪಾಯ ಮಾಡಿದ್ರು. ಪರದೆಯನ್ನ ಅಡ್ಡ 32, ಉದ್ದ 24, ಒಟ್ಟು 768 ಚೌಕ ಮಾಡಿದ್ರು. ಒಂದೊಂದು ಚೌಕದಲ್ಲಿ ಎಂಟೆಂಟಲಿ 64 ಚುಕ್ಕೆ. ನಿಯಮ ಏನು ಗೊತ್ತಾ? ಒಂದು ಚೌಕಕ್ಕೆ ಎರಡೇ ಬಣ್ಣ. ಹತ್ತಿದ ಚುಕ್ಕೆಗೆ ಒಂದು, ಆರಿದ ಚುಕ್ಕೆಗೆ ಒಂದು. ಚೌಕಕ್ಕೆ ಒಂದು ಬೈಟ್‌ನಂತೆ 768 ಬೈಟ್ ಸೇರಿ ಒಟ್ಟು 6,912. ಕೆಲಸ ಆಯ್ತು. ಆದರೆ ಹಸಿರು ಮರದ ಮುಂದೆ ಹಳದಿ ಅಂಗಿಯ ಹುಡುಗ ಬಂದು ನಿಂತನೋ, ಆ ಚೌಕಕ್ಕೆ ಮೂರನೇ ಬಣ್ಣ ಬೇಕಾಯ್ತು. ಇಲ್ಲ! ಹಾಗಾಗಿ ಹುಡುಗ ಹಸಿರಾಗ್ತಿದ್ದ, ಇಲ್ಲಾ ಮರದ ಒಂದು ತುಂಡು ಹಳದಿಯಾಗ್ತಿತ್ತು. ಆ ಕಾಲದ ಆಟಗಳಲ್ಲಿ ಬಣ್ಣ ಅಂಟಿಕೊಂಡ ಹಾಗೆ ಕಾಣೋದಕ್ಕೆ ಕಾರಣ ಇದು. ಯಾರದ್ದೋ ಕೆಟ್ಟ ಅಭಿರುಚಿ ಅಂದುಕೊಳ್ಳಬೇಡಿ, ಅದು ಬೈಟ್‌ಗಳ ಬರಗಾಲ.

ಇನ್ನು ಮಣ್ಣು ಎಲ್ಲಿ ಹೋಯ್ತು ಅನ್ನೋ ಮಾತಿಗೆ ಬರ್ತೀನಿ. ಮೂರು ಬಿಟ್, ಅಂದ್ರೆ ಮೂರು ಸ್ವಿಚ್. ಪ್ರತಿಯೊಂದೂ ಪೂರ್ತಿ ಆನ್, ಇಲ್ಲಾ ಪೂರ್ತಿ ಆಫ್. ಎಷ್ಟು ಥರ ಹಾಕಬಹುದು? ಎಂಟು. ಕಪ್ಪು, ನೀಲಿ, ಕೆಂಪು, ಮಜೆಂಟಾ, ಹಸಿರು, ಸಯಾನ್, ಹಳದಿ, ಬಿಳಿ. ಮುಗೀತು. ಸ್ಪೆಕ್ಟ್ರಮ್‌ನಲ್ಲಿ ಇವುಗಳಿಗೇ ಸ್ವಲ್ಪ ಮಂಕು, ಸ್ವಲ್ಪ ಪ್ರಖರ ಅಂತ ಎರಡು ಮಟ್ಟ ಕೊಟ್ಟಿದ್ದರು, ಅಷ್ಟೇ. ಮಣ್ಣಿನ ಕಂದು ಅಂದ್ರೆ ಏನು? ಕೆಂಪು ಅರ್ಧಕ್ಕಿಂತ ಸ್ವಲ್ಪ ಮೇಲೆ, ಹಸಿರು ಅದರ ಅರ್ಧ, ನೀಲಿ ಇಲ್ಲವೇ ಇಲ್ಲ. ಅರ್ಧ ಅನ್ನೋದೇ ಇಲ್ಲದ ಯಂತ್ರಕ್ಕೆ ಕಂದು ಹೇಗೆ ಬರಬೇಕು?

ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರ್‌ನದ್ದೂ ಇದೇ ಹಣೆಬರಹ. 1984-85ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆ ಶುರು ಮಾಡ್ತು. ದೇಶದ ಸುಮಾರು 250 ಶಾಲೆಗಳಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪರಿಚಯ. ಅದಕ್ಕೆ ಆರಿಸಿದ್ದು ಬಿಬಿಸಿ ಮೈಕ್ರೋ ಅನ್ನೋ ಇಂಗ್ಲೆಂಡಿನ ಯಂತ್ರ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನೇ ಯೂನಿಕಾರ್ನ್ ಅನ್ನೋ ಹೆಸರಿನಲ್ಲಿ ಇಲ್ಲಿ ತಯಾರಿಸ್ತು. ನೆನಪು 32 ಕೆ.ಬಿ. ಅದರಲ್ಲಿ ಒಳ್ಳೆಯ ಚಿತ್ರ ಬೇಕು ಅಂದ್ರೆ ಪರದೆಗೇ 20 ಕೆ.ಬಿ. ಬಿಟ್ಟುಕೊಡಬೇಕು.

ಆ 20 ಕೆ.ಬಿ.ಯನ್ನ ಹೇಗೆ ಬಳಸಬೇಕು ಅನ್ನೋದು ನಿಮ್ಮ ಆಯ್ಕೆ. ಅಡ್ಡ 640 ಸಣ್ಣ ಚುಕ್ಕೆ ಬೇಕಾ? ಸಿಗುತ್ತೆ, ಆದರೆ ಎರಡೇ ಬಣ್ಣ. ನಾಲ್ಕು ಬಣ್ಣ ಬೇಕಾ? ಚುಕ್ಕೆ 320ಕ್ಕೆ ಇಳಿಯುತ್ತೆ. ಪಟ್ಟಿಯಲ್ಲಿದ್ದ ಬಣ್ಣ ಎಲ್ಲವೂ ಬೇಕಾ? ಚುಕ್ಕೆ 160, ಇಟ್ಟಿಗೆಯಷ್ಟು ದಪ್ಪ. ಹದಿನಾರು ಬಣ್ಣ ಅಂತ ಲೆಕ್ಕ, ಆದರೆ ಅದರಲ್ಲಿ ಎಂಟು ಮಾತ್ರ ನಿಂತ ಬಣ್ಣ, ಉಳಿದ ಎಂಟು ಮಿಣುಕೋ ಜೋಡಿಗಳು. ನರಗುಂದದವರಿಗೆ ಇದು ಮಲಪ್ರಭಾ ಕಾಲುವೆ ಲೆಕ್ಕ. ಬಿಟ್ಟ ನೀರು ಇಷ್ಟೇ. ಜಾಸ್ತಿ ಹೊಲಕ್ಕೆ ಹಾಯಿಸಿದ್ರೆ ತೆಳ್ಳಗೆ, ಕಡಿಮೆ ಹೊಲಕ್ಕೆ ಹಾಯಿಸಿದ್ರೆ ದಟ್ಟಗೆ. ನೀರೇ ಹೆಚ್ಚಲ್ಲ.

ಅದರಲ್ಲಿ ಮಣ್ಣು ಬರೀಬೇಕು ಅಂದ್ರೆ ನೇಕಾರರ ಉಪಾಯವೇ ಗತಿ. ಕೆಂಪು ಚುಕ್ಕೆ ಹೆಚ್ಚು, ಹಸಿರು ಚುಕ್ಕೆ ಕಡಿಮೆ, ಮಿಕ್ಕಿದ್ದು ಕಪ್ಪು. ಮೂರು ಹೆಜ್ಜೆ ಹಿಂದೆ ಹೋಗಿ ನಿಂತರೆ ಮಣ್ಣು. ಹತ್ತಿರ ಬಂದರೆ ಮತ್ತೆ ಬರೀ ಚುಕ್ಕೆ.

ಇಲ್ಲೊಂದು ಪ್ರಶ್ನೆ ಬರುತ್ತೆ. ಆಗ ಎಷ್ಟು ಮನೆಯಲ್ಲಿ ಬಣ್ಣದ ಟಿವಿ ಇತ್ತು? ದೂರದರ್ಶನ ಬಣ್ಣದಲ್ಲಿ ಪ್ರಸಾರ ಶುರು ಮಾಡಿದ್ದೇ 1982ರ ಆಗಸ್ಟ್ 15ಕ್ಕೆ. ಅದಕ್ಕೂ ಮೊದಲು, 1975ರ ಆಗಸ್ಟ್‌ನಿಂದ ಒಂದು ವರ್ಷ, ಸೈಟ್ ಅನ್ನೋ ಉಪಗ್ರಹ ಪ್ರಯೋಗದಲ್ಲಿ ಹಳ್ಳಿಗಳಿಗೆ ಟಿವಿ ಕೊಟ್ಟಿದ್ದರು. ಕರ್ನಾಟಕದಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳು. ಗಜೇಂದ್ರಗಡದಿಂದ ಆಚೆ ಕಾಲಿಟ್ಟರೆ ಕುಷ್ಟಗಿ ತಾಲೂಕು, ಅದು ಆಗ ರಾಯಚೂರು ಜಿಲ್ಲೆ, ಪಟ್ಟಿಯಲ್ಲಿದ್ದ ಜಿಲ್ಲೆ. ರೋಣ, ನರಗುಂದ ಆಗ ಧಾರವಾಡ ಜಿಲ್ಲೆ, ಪಟ್ಟಿಯಲ್ಲಿ ಇಲ್ಲ. ಇರಲಿ. ಟಿವಿ ಬಂದಾಗಲೂ ಮೊದಲು ಬಂದಿದ್ದು ಕಪ್ಪು-ಬಿಳುಪು.

ಬಣ್ಣದ ಕಂಪ್ಯೂಟರ್‌ನ್ನ ಕಪ್ಪು-ಬಿಳುಪು ಟಿವಿಗೆ ಹಾಕಿದರೆ ಏನಾಗುತ್ತೆ? ಇದನ್ನ ಆ ಎಂಜಿನಿಯರ್‌ಗಳು ಮೊದಲೇ ಯೋಚಿಸಿದ್ರು. ನಮ್ಮ ಕಣ್ಣಿಗೆ ಎಲ್ಲಾ ಬಣ್ಣವೂ ಸಮ ಅಲ್ಲ. ಬಿಳಿಯ ಬೆಳಕು ನೂರು ಅಂದುಕೊಂಡರೆ, ಟಿವಿ ಲೆಕ್ಕದಲ್ಲಿ ಹಸಿರಿನ ಪಾಲು 59, ಕೆಂಪು 30, ನೀಲಿ ಬರೀ 11. ಈಗ ಸ್ಪೆಕ್ಟ್ರಮ್‌ನ ಎಂಟು ಬಣ್ಣಗಳ ಕ್ರಮ ನೋಡಿ. ಕಪ್ಪು 0, ನೀಲಿ 11, ಕೆಂಪು 30, ಮಜೆಂಟಾ 41, ಹಸಿರು 59, ಸಯಾನ್ 70, ಹಳದಿ 89, ಬಿಳಿ 100. ಮೆಟ್ಟಿಲು ಹತ್ತಿದ ಹಾಗೆ! ಬಣ್ಣದ ಟಿವಿ ಇಲ್ಲದ ಮನೆಯ ಮಗುವಿಗೂ ಎಂಟು ಬೇರೆ ಬೇರೆ ಬೂದಿ ಬಣ್ಣ ಕಾಣ್ತಿತ್ತು. ಬಡವರ ಮನೆಯ ಟಿವಿಯನ್ನ ಲೆಕ್ಕಕ್ಕೆ ಇಟ್ಟುಕೊಂಡು ಮಾಡಿದ ಪಟ್ಟಿ ಅದು.

ಎಲ್ಲರೂ ಹಾಗೆ ಎಲ್ಲಾ ದೇಶದ ಟಿವಿಯನ್ನ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. 1977ರ ಆ್ಯಪಲ್ 2 ಕಂಪ್ಯೂಟರ್ ಬಣ್ಣ ತರೋದಕ್ಕೆ ಒಂದು ಜಾಣ ಕಳ್ಳದಾರಿ ಹಿಡಿದಿತ್ತು. ಟಿವಿ ತರಂಗದಲ್ಲಿ ಬಣ್ಣದ ಮಾಹಿತಿ ಸಣ್ಣ ಅಲೆಯಾಗಿ ಬೆಳಕಿನ ಮಾಹಿತಿಯ ಮೇಲೆ ಸವಾರಿ ಮಾಡುತ್ತೆ. ತುಂಬಾ ಸಣ್ಣ ಕಪ್ಪು-ಬಿಳಿ ಗೆರೆ ಬಂದರೆ ಟಿವಿ ಅದನ್ನೇ ಬಣ್ಣದ ಅಲೆ ಅಂತ ತಿಳಿದುಬಿಡುತ್ತೆ. ಹಳೇ ಟಿವಿಯಲ್ಲಿ ನಮ್ಮಂಥ ಸುದ್ದಿ ಓದುವವರು ಸಣ್ಣ ಗೆರೆಯ ಅಂಗಿ ಹಾಕಿದರೆ ಅಂಗಿ ಮೇಲೆ ಕಾಮನಬಿಲ್ಲು ಆಡ್ತಿತ್ತಲ್ಲಾ, ಅದೇ. ಸಣ್ಣ ಗೆರೆ, ಸಣ್ಣ ಚೌಕುಳಿ ಬೇಡ ಅಂತ ನಮ್ಮ ಕ್ಯಾಮೆರಾ ತಂಡ ಇವತ್ತಿಗೂ ನನಗೆ ಹೇಳುತ್ತೆ. ನಾವು ತಪ್ಪಿಸೋ ಆ ದೋಷವನ್ನೇ ಆ್ಯಪಲ್ ಉಪಯೋಗ ಮಾಡಿಕೊಂಡಿತ್ತು. ಗೆರೆ ಕಳಿಸು, ಬಣ್ಣ ಪಡಿ.

ಆದರೆ ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಅಲ್ಲಿ ಬಣ್ಣದ ಅಲೆ ಸೆಕೆಂಡಿಗೆ ಸುಮಾರು 35.8 ಲಕ್ಷ ಸಲ. ಭಾರತದ್ದು ಪಾಲ್, ಇಲ್ಲಿ ಸುಮಾರು 44.3 ಲಕ್ಷ ಸಲ, ಅದೂ ಸಾಲು ಬಿಟ್ಟು ಸಾಲು ದಿಕ್ಕು ಬದಲಿಸುತ್ತೆ. ಒಂದು ಸಾಲಿನಲ್ಲಿ ಬಣ್ಣ ತಪ್ಪಿದರೆ ಮುಂದಿನ ಸಾಲು ಅದನ್ನ ಸರಿದೂಗಿಸಲಿ ಅಂತ. ಅಮೆರಿಕದ ಕಳ್ಳದಾರಿ ಪಾಲ್‌ನಲ್ಲಿ ನಡೆಯಲಿಲ್ಲ. ಪಾಲ್ ದೇಶಗಳಿಗೆ ಅಂತ ಮಾಡಿದ ಆ್ಯಪಲ್ 2 ಬೇರೆ ಕಾರ್ಡ್ ಹಾಕದಿದ್ದರೆ ಕಪ್ಪು-ಬಿಳುಪೇ! ಅದೇ ಕಂಪ್ಯೂಟರ್, ಅದೇ ಪ್ರೋಗ್ರಾಂ. ಅಲ್ಲಿ ಬಣ್ಣ, ಇಲ್ಲಿ ಗೆರೆ.

ಕೊನೆಗೆ ಮಣ್ಣು ಬಂದಿದ್ದು ಎಲ್ಲಿಂದ? 1982ರ ಕಮೋಡೋರ್ 64 ತನ್ನ ಹದಿನಾರು ಬಣ್ಣದಲ್ಲಿ ಕಂದಿಗೆ ಒಂದು ಜಾಗ ಕೊಟ್ಟಿತ್ತು. ಐಬಿಎಂ ಪಿಸಿಯ ಕಥೆ ಇನ್ನೂ ಸ್ವಾರಸ್ಯ. 1981ರ ಅದರ ಬಣ್ಣದ ಕಾರ್ಡ್‌ನಲ್ಲಿ ಕೆಂಪು, ಹಸಿರು, ನೀಲಿ ಜೊತೆಗೆ ಪ್ರಖರತೆಯ ನಾಲ್ಕನೇ ಸ್ವಿಚ್. ಒಟ್ಟು ಹದಿನಾರು. ಆರನೇ ಸಂಖ್ಯೆಯದ್ದು ಮಂಕು ಹಳದಿ. ನೋಡೋಕೆ ಹಳಸಿದ ಸಾರಿನ ಬಣ್ಣ. ಆಗ ಅದರ ಬಣ್ಣದ ಮಾನಿಟರ್ ಮಾಡಿದವರು ಒಳಗೆ ಒಂದು ಸಣ್ಣ ಸರ್ಕಿಟ್ ಸೇರಿಸಿದ್ರು. ಆರನೇ ಸಂಖ್ಯೆ ಬಂದಾಗ ಮಾತ್ರ ಹಸಿರನ್ನ ಅರ್ಧ ಮಾಡು ಅಂತ. ಅಷ್ಟೇ, ಕಂದು ಬಂತು. ಕಂಪ್ಯೂಟರ್‌ಗೆ ಗೊತ್ತಿಲ್ಲ, ಅದು ಹಳದಿ ಅಂತಲೇ ಕಳಿಸ್ತಿದೆ. ಮಣ್ಣನ್ನ ಕಂಡವರು ಮಾನಿಟರ್ ಮಾಡಿದವರು.

1987ರಲ್ಲಿ ವಿಜಿಎ ಬಂತು, 2,62,144 ಬಣ್ಣಗಳಿಂದ 256 ಆರಿಸಿಕೊಳ್ಳೋ ಅವಕಾಶ. ಇವತ್ತು ನಿಮ್ಮ ಜೇಬಿನ ಫೋನಿನಲ್ಲಿ ಒಂದೊಂದು ಬಣ್ಣಕ್ಕೂ 256 ಮಟ್ಟ. ಗುಣಿಸಿದರೆ 1,67,77,216. ಎರಿಯೂ ಇದೆ, ಮಸಾರಿಯೂ ಇದೆ, ಮಳೆ ಬಿದ್ದ ಮೇಲಿನ ಎರಿಯೂ ಬೇರೆಯಾಗಿ ಇದೆ.

ಇಷ್ಟೆಲ್ಲಾ ಯಾಕೆ ಹೇಳಿದೆ? ಪರದೆ ಮೇಲೆ ಕಾಣೋ ಪ್ರತಿ ಬಣ್ಣವೂ ಯಾರೋ ಮೊದಲೇ ಮಾಡಿಟ್ಟ ಪಟ್ಟಿಯಿಂದ ಬಂದಿದ್ದು. ಪಟ್ಟಿಯಲ್ಲಿ ಇಲ್ಲದ್ದು ಎದುರಿಗೇ ಇದ್ದರೂ ಪರದೆಗೆ ಬರಲ್ಲ. ಪಟ್ಟಿ ಮಾಡುವವರು ಯಾರ ಮನೆ, ಯಾವ ಊರು ಮನಸ್ಸಲ್ಲಿಟ್ಟುಕೊಂಡಿದ್ದಾರೆ ಅನ್ನೋದರ ಮೇಲೆ ನಿಮಗೆ ಕಾಣೋದು ನಿರ್ಧಾರ ಆಗುತ್ತೆ.

ಈ ಮಾತು ಕಂಪ್ಯೂಟರ್‌ಗೆ ಮಾತ್ರ ಅಲ್ಲ. ಸುದ್ದಿವಾಹಿನಿಗಳಿಗೂ ಚೌಕ ಇದೆ, ಚೌಕಕ್ಕೆ ಎರಡೇ ಬಣ್ಣ ಇದೆ. ನರಗುಂದ ಅಂದ್ರೆ ಟಿವಿಗೆ 1980ರ ರೈತ ಬಂಡಾಯದ ಜುಲೈ 21, ಇನ್ನೊಂದು ಮಹದಾಯಿ. ರೋಣ ಅಂದ್ರೆ ಬರ, ಇಲ್ಲಾ ಹೊಳೆಆಲೂರಿನ ಕಡೆ ಮಲಪ್ರಭೆಯ ನೆರೆ. ಗಜೇಂದ್ರಗಡ ಅಂದ್ರೆ ಕಾಲಕಾಲೇಶ್ವರ, ಗುಡ್ಡದ ಗಾಳಿಯಂತ್ರ. ಎಲ್ಲವೂ ನಿಜ. ಆದರೆ ಅಲ್ಲಿ ಮಗ್ಗದ ಮೇಲೆ ಕೂತವರ ಕೂಲಿ, ಹೆಸರು ಕಿತ್ತು ತಂದ ರೈತರಿಗೆ ಸಿಕ್ಕ ರೇಟು, ಹೈಸ್ಕೂಲಿನ ಕಂಪ್ಯೂಟರ್ ಕೋಣೆಯ ಬಾಗಿಲು ವಾರಕ್ಕೆ ಎಷ್ಟು ಸಲ ತೆರೆಯುತ್ತೆ ಅನ್ನೋದು, ಇವು ಯಾವ ಸಂಖ್ಯೆಯ ಬಣ್ಣ? ನೆನಪಿಲ್ಲದ ಯಂತ್ರಕ್ಕೆ 16 ಕೆ.ಬಿ. ಅನ್ನೋ ಕಾರಣ ಇತ್ತು. ಇಪ್ಪತ್ನಾಲ್ಕು ಗಂಟೆಯ ವಾಹಿನಿಗೆ ಆ ಕಾರಣ ಇಲ್ಲ. ಕೇಳೋ ಹಕ್ಕು ನಿಮಗಿದೆ, ಕೇಳಿ.

ಮನೆಯ ಮಕ್ಕಳಿಗೆ ಒಂದು ಕೆಲಸ ಕೊಡಿ. ಹೊಲದ ಮಣ್ಣಿನ ಫೋಟೋ ತೆಗೆಯಲಿ. ಚಿತ್ರ ತಿದ್ದೋ ಯಾವ ಆ್ಯಪ್‌ನಲ್ಲಾದರೂ ಆ ಬಣ್ಣದ ಮೇಲೆ ಬೆರಳಿಟ್ಟರೆ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಬರ್ತವೆ, ಸೊನ್ನೆಯಿಂದ 255ರ ಒಳಗೆ. ಮಸಾರಿಗೆ ಎಷ್ಟು, ಎರಿಗೆ ಎಷ್ಟು, ಹಸಿಯಾದಾಗ ಎಷ್ಟು, ಒಣಗಿದಾಗ ಎಷ್ಟು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಬಿಸಿಲು, ನೆರಳಿಗೆ ಅಂಕಿ ಬದಲಾಗುತ್ತೆ, ಹಾಗಾಗಿ ದಿನಾ ಒಂದೇ ಹೊತ್ತಿಗೆ ತೆಗೆಯಲಿ. ನಲವತ್ತು ವರ್ಷದ ಹಿಂದೆ ಶಾಲೆಯ ಕಂಪ್ಯೂಟರ್‌ಗೆ ಬರೆಯಲಾಗದ ಬಣ್ಣ ಅದು. ನಿಮ್ಮ ಹೊಲದ ಆ ಮೂರು ಅಂಕಿ ನಿಮ್ಮ ಮಕ್ಕಳ ಕೈಯಲ್ಲೇ ಬರೆದಿರಲಿ.